ಕಾಯಿಯ ಸದ್ದು ಬಲ್ಲ ಪುಟ್ಟಕ್ಕ

ಪುಟ್ಟಕ್ಕನಿಗೆ ತೆಂಗಿನಕಾಯಿ ಒಡೆದು ನೋಡಬೇಕಿಲ್ಲ. ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರೆ ಸಾಕು, ಅದು ಒಣಗಿ ಕೊಬ್ಬರಿಯಾಗಲು ಅಟ್ಟ ಸೇರಿ ಎಷ್ಟು ತಿಂಗಳಾಯಿತು, ಒಳಗಿನ ನೀರು ಇಂಗಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಹೇಳಿಬಿಡುತ್ತಾರೆ. ದಂಡಿನಶಿವರದ ಸುತ್ತಿನ ಅಟ್ಟಗಳಲ್ಲಿ ಇಪ್ಪತ್ತೆರಡು ವರ್ಷ ಕೊಬ್ಬರಿ ಸುಲಿದವರ ಕಿವಿ ಅದು.

ನಾನು ಬೆಂಗಳೂರಲ್ಲಿ ಓದಿದವಳು. ಕೊರೋನಾದ ಎರಡನೇ ಅಲೆಯಲ್ಲಿ ಒಂಬತ್ತು ತಿಂಗಳ ಮಗು ಎತ್ತಿಕೊಂಡು ಅತ್ತೆಮನೆಗೆ ಬಂದಾಗ ಗಾಳಿಗೂ ಹೆದರುತ್ತಿದ್ದೆ. ಸೊಪ್ಪು, ಹಾಲಿನ ಪ್ಯಾಕೆಟ್, ಬೀಗದ ಕೈ, ಎಲ್ಲಕ್ಕೂ ಸೋಪುನೀರಿನ ಸ್ನಾನ. ನಮ್ಮ ಅಟ್ಟದ ಕೆಲಸಕ್ಕೂ ಬರುತ್ತಿದ್ದ ಪುಟ್ಟಕ್ಕನನ್ನಂತೂ ಅಂಗಳದ ಆಚೆ ತುದಿಯಲ್ಲೇ ನಿಲ್ಲಿಸುತ್ತಿದ್ದೆ. "ಇಲ್ಲೇ ಇರ್ತೀನಿ ಬುಡಿ ಅಮ್ಮಣ್ಣಿ, ಕೂಸು ಚೆನ್ನಾಗಿದ್ರೆ ಸಾಕು" ಎಂದು ಮಾಸ್ಕಿನ ಮೇಲೆ ಸೆರಗನ್ನೂ ಸುತ್ತಿಕೊಳ್ಳುತ್ತಿದ್ದರು.

ಅವರ ಮಗಳು ಇಂಪನಾ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ., ಕೊನೆಯ ವರ್ಷ. ಕ್ಯಾಂಪಸ್ ಮುಚ್ಚಿದ ವಿಶ್ವವಿದ್ಯಾಲಯ ತರಗತಿಗಳನ್ನೆಲ್ಲ ಫೋನಿಗೆ ತಂದಿತ್ತು. ಅವರ ಮನೆಯಲ್ಲಿ ಸಿಗ್ನಲ್ ಇಲ್ಲವೆಂದು ಅವಳು ಮಾಸ್ಕ್ ಹಾಕಿ ನಮ್ಮ ಜಗುಲಿಯ ತುದಿಯಲ್ಲಿ ಕೂತು ಪಾಠ ಕೇಳುತ್ತಿದ್ದಳು. ಪ್ರಾಯೋಗಿಕ ಪರೀಕ್ಷೆಗೂ ಪ್ರಯೋಗಾಲಯವಿಲ್ಲ. ಮನೆಯಲ್ಲಿ ಸಿಗುವ ಬೀಜವನ್ನೇ ಕ್ಯಾಮೆರಾ ಮುಂದೆ ಒಡೆದು ವಿವರಿಸಬೇಕು. ಅಟ್ಟದಲ್ಲಿ ಎರಡು, ಐದು, ಎಂಟು, ಹನ್ನೊಂದು ತಿಂಗಳು ಇದ್ದ ಕಾಯಿಗಳನ್ನು ಅದೇ ಕ್ರಮದಲ್ಲಿ ಒಡೆದು ತೋರಿಸುವುದು ಇಂಪನಾಳ ಯೋಜನೆ. ತಪ್ಪಿದರೆ ಪದವಿ ಒಂದು ವರ್ಷ ಹಿಂದೆ.

ಪುಟ್ಟಕ್ಕ ಹಿಂದಿನ ದಿನವೇ ನಾಲ್ಕು ಕಾಯಿ ಆರಿಸಿ, ಮಟ್ಟೆ ಸುಲಿದು, ಒಂದರಿಂದ ನಾಲ್ಕರವರೆಗೆ ಸುಣ್ಣದ ಚುಕ್ಕಿ ಇಟ್ಟು ಜಗುಲಿಯ ಮೇಲೆ ಬಿಟ್ಟುಹೋಗಿದ್ದರು. ಬೆಳಿಗ್ಗೆ ನಾನು ಎದ್ದವಳೇ ಹೊರಗಿಂದ ಬಂದ ವಸ್ತುವೆಂದು ನಾಲ್ಕನ್ನೂ ಉಜ್ಜಿ ಉಜ್ಜಿ ತೊಳೆದೆ.

"ಅಕ್ಕಾ, ಚುಕ್ಕಿ ಎಲ್ಲಿ?" ಎಂದಳು ಇಂಪನಾ.

"ಯಾವ ಚುಕ್ಕಿ?" ಎನ್ನುವಷ್ಟರಲ್ಲಿ ನನಗೇ ಅರ್ಥವಾಯಿತು. ಪರೀಕ್ಷೆಗೆ ಇನ್ನು ಕಾಲು ಗಂಟೆ.

ಫೋನ್ ಮಾಡಿದ ತಕ್ಷಣ ಪುಟ್ಟಕ್ಕ ಪಕ್ಕದ ತೋಟದ ಅಟ್ಟ ಇಳಿದು ಓಡಿಬಂದು ಅಂಗಳದ ತುದಿಯಲ್ಲಿ ನಿಂತರು.

"ಕಾಯ್ಗೂ ಕೊರೋನಾ ಬಂದಿತ್ತಾ ಅಮ್ಮಣ್ಣಿ? ಹೋಗ್ಲಿ ಬುಡಿ, ಅಲ್ಲಿಂದ್ಲೇ ಅಲ್ಲಾಡ್ಸಿ."

ಅಲ್ಲಾಡಿಸಿದೆ. ಒಳಗೆ ಒಣಗಿದ ಕೊಬ್ಬರಿಯ ಉಂಡೆ ಗಡಗಡ ಉರುಳಿತು. "ಹನ್ನೊಂದು." ಮುಂದಿನದು. "ಎಂಟು, ತಳದಾಗೆ ಗುಟುಕು ನೀರೈತೆ." ಉಳಿದೆರಡೂ ನನಗೆ ಒಂದೇ ಥರ ಕೇಳಿದವು. ಪುಟ್ಟಕ್ಕ ಕತ್ತು ಮುಂದೆ ಚಾಚಿದರು. "ಇವೆಲ್ಡು ಇಷ್ಟ್ ದೂರುಕ್ಕೆ ಕೇಳಾಕಿಲ್ಲ ಕಣ್ರೀ."

ಆದರೂ ಒಂದು ಹೆಜ್ಜೆ ಮುಂದೆ ಇಡಲಿಲ್ಲ. ಇಂಪನಾ ಅಮ್ಮನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಎರಡೂ ಕಾಯಿ ಹಿಡಿದು ಅಂಗಳ ದಾಟಿದೆ. ಒಂದೊಂದನ್ನೇ ಪುಟ್ಟಕ್ಕನ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಅವರು ಉಸಿರು ಬಿಗಿಹಿಡಿದಿದ್ದರು, ನನಗೆ ತಗಲದಿರಲೆಂದು.

"ಇದು ಐದು. ಅದು ಎಲ್ಡು. ಬಿರ್‌ಬಿರ್‍ನೆ ಹೋಗಿ ಕೈ ತೊಳ್ಕಳಿ."

ಪರೀಕ್ಷೆಯಲ್ಲಿ ಒಡೆದಾಗ ನಾಲ್ಕೂ ಕಾಯಿಯ ಒಳಗು ಪುಟ್ಟಕ್ಕ ಹೇಳಿದ ತಿಂಗಳ ಲೆಕ್ಕಕ್ಕೆ ಸರಿಯಾಗಿತ್ತು. ಒಡೆಯದೆ ಹೇಗೆ ಗೊತ್ತಾಯಿತೆಂದು ಕೇಳಿದ ಪರೀಕ್ಷಕರಿಗೆ ಇಂಪನಾ, "ನಮ್ಮಮ್ಮ ಸದ್ದು ಕೇಳಿ ಹೇಳ್ತಾರೆ ಸಾರ್" ಎಂದಳು. ಅವರು ನಂಬಲಿಲ್ಲ. ಪರೀಕ್ಷೆ ಮುಗಿದ ಮೇಲೆ ತಮ್ಮ ಅಡುಗೆಮನೆಯಿಂದ ಕಾಯಿ ತಂದು ಫೋನಿನ ಮುಂದೆ ಅಲ್ಲಾಡಿಸಿದರು. ನಾನೇ ಪುಟ್ಟಕ್ಕನನ್ನು ಜಗುಲಿಗೆ ಕರೆದು ಕೂರಿಸಿದೆ.

"ಅದು ಅಟ್ಟುಕ್ಕಾಗೋ ಕಾಯಲ್ಲ ಸಾ. ಸೀಳು ಬಿಟ್ಟೈತೆ, ಇವತ್ತೇ ಚಟ್ನಿಗೆ ಒಡುದ್ಬುಡಿ."

ಪರೀಕ್ಷಕರು ಕಾಯಿಯನ್ನು ತಿರುಗಿಸಿ ನೋಡಿದರು. ಕಾಯಿಯ ಕಣ್ಣಿನ ಪಕ್ಕದಲ್ಲಿ ಕೂದಲೆಳೆಯ ಸೀಳು. ಫೋನಿನಲ್ಲಿ ಅವರ ಹಿಂದಿನಿಂದ ಯಾರೋ ಹೆಂಗಸರು ನಕ್ಕದ್ದು ಕೇಳಿಸಿತು.

"ಮಗಳು ಪಾಸು ಕಣಮ್ಮ" ಎಂದರು ಪರೀಕ್ಷಕರು.

"ಎಷ್ಟು ನಂಬ್ರ ಕೊಟ್ರಿ?" ಎಂದರು ಪುಟ್ಟಕ್ಕ.

"ಅದನ್ನೆಲ್ಲ ಈಗ ಹೇಳೋ ಹಾಗಿಲ್ಲ."

"ನೀವು ಅಲ್ಲಾಡ್ಸಿದ್ ತಕ್ಷಣ ನಾನು ಹೇಳ್ನಿಲ್ವಾ ಸಾ?"

ಪರೀಕ್ಷಕರು ಕಾಯಿ ಕೆಳಗಿಟ್ಟು, ಐವತ್ತಕ್ಕೆ ನಲವತ್ತಾರು ಎಂದರು.