ಕಲ್ಯಾಣರಾವ್ ಸರ್ ಬರೆದ ಆಟ

ಕರೆಂಟ್ ಹೋದರೆ ಕಲ್ಯಾಣರಾವ್ ಸರ್ ತಾವೇ ಕಂಪ್ಯೂಟರ್ ಆಗಿಬಿಡುತ್ತಿದ್ದರು. ಬೋರ್ಡಿನ ಮೇಲೆ ಪ್ರೋಗ್ರಾಮ್ ಬರೆದು, ಒಂದೊಂದೇ ಸಾಲಿಗೆ ಬೆರಳಿಟ್ಟು, "ಈಗ ಎಕ್ಸ್ ಐದಾತು, ಈಗ ಆರಾತು, ತಡೀರಿ, ಹೊಳ್ಳಿ ಮ್ಯಾಲ ಹೊಂಟೇನಿ" ಎನ್ನುತ್ತ ತಾವೇ ನಡೆಸಿ ತೋರಿಸುತ್ತಿದ್ದರು. ತೊಂಬತ್ತರ ದಶಕದ ಕೊನೆ ಅದು. ಆಳಂದದಲ್ಲಿ ಕರೆಂಟ್ ಇದ್ದದ್ದೇ ಕಡಿಮೆ. ನಮ್ಮ ಕಂಪ್ಯೂಟರ್ ಸೆಂಟರಿನ ವಿದ್ಯಾರ್ಥಿಗಳು ಜಾವಾ ಎಂಬ ಪ್ರೋಗ್ರಾಮ್ ಭಾಷೆ ಕಲಿತದ್ದು ಬಹುಪಾಲು ಅವರ ಬೆರಳು ನೋಡಿಯೇ. ನಾನೂ ಅಲ್ಲೇ ಪಾಠ ಹೇಳುತ್ತಿದ್ದೆ.

ಅವರು ಜಿಡಗಾದಿಂದ ಬಸ್ಸಿಗೆ ಬಂದು ಹೋಗುತ್ತಿದ್ದರು. ಮನೆಯಲ್ಲಿ ಹತ್ತು ವರ್ಷದ ಮಗಳು ಸುವರ್ಣಾ ಹಾಸಿಗೆ ಹಿಡಿದಿದ್ದಳು. ಸ್ನಾಯು ಸೋಲುವ ಬ್ಯಾನಿ. ಮೊದಲು ಕಾಲು ಹೋದವು, ಆಮೇಲೆ ಕೈ. ಬಲಗೈಯ ಹೆಬ್ಬೆರಳೊಂದು ಮಾತ್ರ ಮಾತು ಕೇಳುತ್ತಿತ್ತು. ಅವಳಿಗೆಂದೇ ಟಿವಿಗೆ ಹಚ್ಚುವ ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಅದರೊಳಗಿನ ಮನುಷ್ಯನೋ ಓಡುವವನು. ಇವಳ ಬೆರಳು ಗುಂಡಿ ಒತ್ತುವುದರೊಳಗೆ ತಗ್ಗಿಗೆ ಬಿದ್ದು ಸಾಯುತ್ತಿದ್ದ. "ಅಪ್ಪಾ, ಇಂವ ನನ್ ಸಲುವಾಗಿ ಸ್ವಲ್ಪ ನಿಂದ್ರಂಗಿಲ್ಲೇನು?" ಎಂದು ಕೇಳಿದ್ದಳಂತೆ.

ಆ ಮಾತು ಅವರನ್ನು ಹಿಡಿದುಬಿಟ್ಟಿತು. ನಿಲ್ಲುವ ಆಟವೊಂದನ್ನು ತಾವೇ ಬರೆಯುವುದೆಂದು ಹಟ ತೊಟ್ಟರು. ಒಂದು ಗುಂಡಿ ಒತ್ತಿದರೆ ಒಂದು ಹೆಜ್ಜೆ, ಮತ್ತೆ ಒತ್ತುವವರೆಗೆ ಆಟದೊಳಗಿನ ಹುಡುಗಿ ಅಲ್ಲೇ ನಿಲ್ಲಬೇಕು. ಅವರಿಗೆ ಬರುತ್ತಿದ್ದದ್ದು ಜಾವಾ ಒಂದೇ. ಒಮ್ಮೆ ಬರೆದರೆ ಯಾವ ಮಷೀನಿನಲ್ಲೂ ನಡೆಯುತ್ತದೆ ಎಂದು ಪುಸ್ತಕದ ಮೊದಲ ಪುಟದಲ್ಲೇ ಇತ್ತು, ಅದನ್ನು ಅವರು ದೇವರ ಮಾತಿನಂತೆ ನಂಬಿದ್ದರು. "ಟಿವಿ ಗೇಮೂ ಮಷೀನೇ ಅಲ್ಲೇನ್ರಿ?" ಎನ್ನುತ್ತಿದ್ದರು.

ನಾನು ಕಲಬುರ್ಗಿಯಲ್ಲಿ ಓದಿದವನೆಂದು, ಇದು ಆಗುತ್ತದೋ ಇಲ್ಲವೋ ವಿಚಾರಿಸಿ ಬರಲು ಹೇಳಿದರು. ನನ್ನ ಹಳೆಯ ಮೇಷ್ಟ್ರು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು. ಆ ಟಿವಿ ಗೇಮಿನ ಡಬ್ಬಿಗೆ ಜಾವಾ ತಿಳಿಯುವುದಿಲ್ಲ. ತಿಳಿಸಿ ಹೇಳಲು ನಡುವೆ ಇನ್ನೊಂದು ಪ್ರೋಗ್ರಾಮ್ ಬೇಕು, ಅದು ಕೂಡಲಿಕ್ಕೇ ಅದರಲ್ಲಿ ಜಾಗವಿಲ್ಲ. ಸುಮ್ಮನೆ ಬಿಡಲಿಕ್ಕೆ ಹೇಳು ಎಂದರು.

ಮರುದಿನ ಹೇಳಬೇಕೆಂದೇ ಹೋದೆ. ಸರ್ ಗ್ರಾಫ್ ಹಾಳೆಯ ಚೌಕಗಳನ್ನು ತುಂಬಿ ಎರಡು ಜಡೆಯ ಹುಡುಗಿಯನ್ನು ಬರೆದುಕೊಂಡು ಕೂತಿದ್ದರು. ನನ್ನ ಬಾಯಿಗೆ ಏನಾಗಿತ್ತೋ, "ಆಗ್ತದ್ರಿ ಸರ್, ಸ್ವಲ್ಪ ಟೈಮ್ ಹಿಡೀತದ" ಎಂದೆ. ಅಂತಃಕರಣ ಎಂದುಕೊಂಡೆ. ಥೂ, ಎಂಥ ಅಂತಃಕರಣ, ಬರೇ ಪುಕ್ಕಲುತನ.

ಅಲ್ಲಿಂದ ಅವರು ಪಾಠ ಮುಗಿದರೂ ಸೆಂಟರ್ ಬಿಡದಾದರು. ಕೊನೆಯ ಬಸ್ಸಿಗೆ ಹೋಗುವುದು, ಅಷ್ಟರಲ್ಲಿ ಮಗಳು ಮಲಗಿರುವುದು. ಆರು ತಿಂಗಳು ಹೀಗೇ ನಡೆಯಿತು. ಸೆಂಟರಿನ ಕಂಪ್ಯೂಟರಿನಲ್ಲಿ ಆಟವೇನೋ ಚಲೋ ನಡೆಯಿತು. ಹುಡುಗಿ ಒಂದು ಹೆಜ್ಜೆಯಿಟ್ಟು ನಿಂತಾಗ ಸರ್ ಕಣ್ಣು ಒರೆಸಿಕೊಂಡರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇನ್ನು ಟಿವಿ ಗೇಮಿನ ಕ್ಯಾಸೆಟ್ಟಿಗೆ ಹಾಕಿಸಿಕೊಡ್ರಿ ಎಂದು ದಿನಾ ನನಗೆ ಗಂಟುಬಿದ್ದರು. ನಾನು ಏನೇನೋ ನೆವ ಹೇಳಿ ಮುಂದೂಡುತ್ತ ಹೋದೆ. ಒಂದು ಸಂಜೆ ಅವರು ಸೆಂಟರಿನಲ್ಲಿ ಕೂತಿದ್ದಾಗಲೇ ಜಿಡಗಾದಲ್ಲಿ ಸುವರ್ಣಾ ಹೋದಳು.

ತಿಂಗಳಾದ ಮೇಲೆ ಕೆಲಸ ಬಿಡುತ್ತೇನೆಂದು ಹೇಳಲು ಬಂದರು. ನಡುವೆ ತಾವೇ ಕಲಬುರ್ಗಿಗೆ ಹೋಗಿ ನನ್ನ ಮೇಷ್ಟ್ರನ್ನು ಕಂಡಿದ್ದರು. ಆಗುವುದಿಲ್ಲವೆಂದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದರು. ಹೌದ್ರಿ ಎಂದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಅವತ್ತೇ ಆಗಂಗಿಲ್ಲ ಅಂದಿದ್ರ, ಸಂಜೀಕ ಮನೀಗೆ ಹೋಗಿ ಅಕಿ ಬಾಜೂಕ ಕೂಡ್ತಿದ್ದೆರಿ" ಎಂದರು. "ಅಪ್ಪ ಯಾವಾಗ ಬರ್ತಾನ ಅಂತ ದಿನಾ ಕೇಳ್ತಿದ್ಲಂತ."