ಈಜಿಪ್ಟಿನ ರಾಜರೂ ನನ್ನ ಅಣ್ಣನೂ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗಲೂ ಕಿಟಕಿಗೂ ಬಾಗಿಲಿಗೂ ಶತಪಥ ಹಾಕುತ್ತಿರುತ್ತೇನೆ. ಹೋದ ಚಳಿಗಾಲದಲ್ಲಂತೂ ಈಜಿಪ್ಟ್ ನನ್ನ ತಲೆ ತಿಂದಿತ್ತು. ಅಲ್ಲಿನ ರಾಜವಂಶಗಳನ್ನು ಹಿಂದಿನವರು ಒಂದಾದ ಮೇಲೊಂದರಂತೆ ಪೇರಿಸಿ ಕಾಲ ಲೆಕ್ಕ ಹಾಕಿದ್ದರಲ್ಲ, ಅವುಗಳಲ್ಲಿ ಕೆಲವು ಒಂದೇ ಕಾಲದಲ್ಲಿ ಆಳಿದವಂತೆ. ಒಂದು ಉತ್ತರದಲ್ಲಿ, ಇನ್ನೊಂದು ದಕ್ಷಿಣದಲ್ಲಿ. ಅಕ್ಕಪಕ್ಕ ಇಟ್ಟರೆ ನಡುವಿನ ವರ್ಷಗಳೇ ಮಾಯ! ಎಷ್ಟು ವರ್ಷ ಕಳೆಯಬೇಕೆಂದು ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ.

ಆ ಭಾನುವಾರ ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಸೋದರಮಾವ ಅವರೆಕಾಯಿ ಕಳಿಸಿದ್ದ. ಅಮ್ಮ ಸುಲಿಯುತ್ತಿದ್ದಳು. ನಾನು ಅತ್ತಿಂದಿತ್ತ ಓಡಾಡುತ್ತಾ ರಾಜರ ಪುರಾಣ ಬಿಚ್ಚಿದೆ.

“ಸತ್ತೋದ ರಾಜ್ರು ಯಾವಾಗ್ ಆಳಿದ್ರೆ ನಿಂಗೇನ್ಲಾ? ಕೂತ್ಕೊಂಡು ಕಾಯಿ ಸುಲಿ.”

ಅವರೆಯ ಸೊಗಡು ಮೂಗಿಗೆ ಬಡಿದರೆ ಅಮ್ಮನಿಗೆ ತವರಿನ ನೆನಪು. ನನಗಿಂತ ಒಂದು ವರ್ಷ ಮೊದಲು ಹುಟ್ಟಿ, ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋದ ಅಣ್ಣನನ್ನು ಅಲ್ಲಿ ಹೆತ್ತಿದ್ದು. ನನ್ನನ್ನು ಹೆತ್ತಿದ್ದೂ ಅದೇ ಕೋಣೆಯಲ್ಲಿ, ಅವರೆ ಕಾಲದಲ್ಲೇ. “ಅವ್ನು ಉಳ್ದಿದ್ರೆ ನೀನೆಲ್ಲಿ ಉಟ್ತಿದ್ದೆ?” ಎಂದು ದೂರದ ನೆಂಟರು ರೇಗಿಸುತ್ತಿದ್ದರು. ಇನ್ನೊಬ್ಬನ ಜಾಗದಲ್ಲಿ ಬದುಕುತ್ತಿದ್ದೇನೆಂಬ ಅಳುಕು ನನ್ನನ್ನು ಬಿಟ್ಟೇ ಇರಲಿಲ್ಲ.

ಥಟ್ಟನೆ ತಲೆಗೆ ಹೊಳೆಯಿತು. ನಮ್ಮಲ್ಲಿ ಚೊಚ್ಚಲ ಬಾಣಂತನ ಮಾತ್ರ ತವರಿನದು. ಮಿಕ್ಕಿದ್ದೆಲ್ಲ ಗಂಡನ ಮನೆಯಲ್ಲೇ. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾಗ ತಂಗಿ ಹುಟ್ಟಿದ್ದು ಉರಿಗಾಂನ ನಮ್ಮ ಮನೆಯಲ್ಲಿ. ತವರಿನ ಅಜ್ಜಿಯೋ, ಸತ್ತರೂ ಪದ್ಧತಿ ಬಿಡುವವಳಲ್ಲ. ಮತ್ತೆ ತವರಿನಲ್ಲಿ ಈ ಎರಡನೇ ಬಾಣಂತನ ಎಲ್ಲಿಂದ ಬಂತು?

“ಅಮ್ಮ, ಚೊಚ್ಚಲು ಯಾರು? ಅವ್ನಾ, ನಾನಾ?”

ಅವಳ ಕೈ ನಿಂತಿತು.

“ಇಬ್ರೂನೂ ಕಣ್ಲಾ. ನೀವು ಅವಳಿ.”

ನನಗೆ ಮೈಯೆಲ್ಲ ಉರಿಯಿತು. “ಇಷ್ಟ್ ವರ್ಷ ಯಾಕಮ್ಮ ಮುಚ್ಚಿಟ್ಟೆ?”

“ಜೊತೆಗ್ ಬಂದೋನು ಜೊತೆಗೇ ಕರ್ಕೊಂಡೋಗ್ತಾನೆ, ಅವಳಿ ಅಂತ ಬಾಯ್ ಬಿಡ್ಬೇಡ ಅಂದ್ಳು ನಮ್ಮಮ್ಮ. ನೀನೂ ಓಗ್ಬಿಟ್ರೆ ನಾನೇನ್ ಮಾಡ್ಲಿ? ಅದ್ಕೇ ನಿಮ್ಮಿಬ್ರ ಮದ್ಯ ಒಂದ್ ವರ್ಸ ಇಕ್ಬಿಟ್ಟೆ.”

ಸಿಟ್ಟು ಎಲ್ಲಿ ಹೋಯಿತೋ, ಅಮ್ಮನ ಪಕ್ಕ ಕೂತು ಒಂದು ಕಾಯಿ ಕೈಗೆತ್ತಿಕೊಂಡೆ. ನಾನು ಯಾರ ಜಾಗವನ್ನೂ ಕಿತ್ತುಕೊಂಡವನಲ್ಲ.

“ನೋಡೋಕೆ ಎಂಗಿದ್ದ ಅವ್ನು?” ಎಂದೆ.

“ನಿನ್ನಂಗೇ.” ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. “ಇದ್ದಿದ್ರೆ ಅವ್ನಿಗೂ ಈಗ ತಲೆ ನರ್ತಿರೋದು.”