ಓರಗಿತ್ತಿ ಗುಬ್ಬಿಗೆ ಬಂದ ದಿನ

ತಂಗಿಗೆ ನಾಲಿಗೆಯ ಕ್ಯಾನ್ಸರ್ ಆಪರೇಷನ್ ಆಗಿ ಇಪ್ಪತ್ತು ದಿನವಾಗಿತ್ತು. ಗುಬ್ಬಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬಟ್ಟೆ ಹೊಲಿಯುತ್ತಿದ್ದ ಅವಳಿಗೆ ಮದುವೆಯಾಗಿರಲಿಲ್ಲ. ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಕುಣಿಗಲ್ಲಿನ ಸಂಸಾರ ಬಿಟ್ಟು ನಾನು ಅವಳ ಜೊತೆಗೇ ಉಳಿದಿದ್ದೆ. ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಪೈಪಿನಲ್ಲಿ ಎರಡೆರಡು ಗಂಟೆಗೊಮ್ಮೆ ಗಂಜಿ, ಹಾಲು, ನೀರು, ಪುಡಿ ಮಾಡಿದ ಮಾತ್ರೆ; ಬಾಯಿಗೆ ಏನೂ ಕೊಡುವಂತಿರಲಿಲ್ಲ. ಹೇಳುವುದನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಅತ್ತೆ ದಿನಾ ಫೋನ್ ಮಾಡುತ್ತಿದ್ದರು. "ಇನ್ನೂ ಎಷ್ಟ್ ದಿನ ಅಲ್ಲೇ ಇರ್ತೀಯ? ಗಂಡ ಮಕ್ಳ ಗ್ಯಾನ ಐತಾ ನಿಂಗೆ?" ನಾನು ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದೆ. ಒಳಗೆ ಬಂದರೆ ತಂಗಿ ಗೋಡೆ ಕಡೆ ತಿರುಗಿಕೊಂಡಿರುತ್ತಿದ್ದಳು.

ಆ ಬೆಳಿಗ್ಗೆ ಜೋರಾಗಿ ಕೆಮ್ಮು ಬಂದು ಪೈಪು ಪೂರ್ತಿ ಹೊರಗೆ ಬಂತು. ಹಾಗೇನಾದರೂ ಆದರೆ ಮನೆಯಲ್ಲಿ ಹಾಕಲು ಹೋಗಬೇಡಿ, ತಕ್ಷಣ ಕರೆತನ್ನಿ ಎಂದು ತುಮಕೂರಿನ ಆಸ್ಪತ್ರೆಯಲ್ಲಿ ಹೇಳಿದ್ದರು. ಆಟೋಗೆ ಫೋನ್ ಮಾಡಿ, ತಂಗಿಗೆ ಹೊರಡು ಅಂದೆ. ಅವಳು ಏಳಲಿಲ್ಲ. ನೋಟ್‌ಬುಕ್ ತೆಗೆದು 'ಬೇಡ' ಎಂದು ಬರೆದಳು. ಕೈ ಮುಗಿದೆ. ಅದೇ ಪದದ ಕೆಳಗೆ ಗೆರೆ ಎಳೆದಳು.

"ನೀರೂ ಇಲ್ದೆ ಸಾಯ್ತೀಯೇನೇ?" ಎಂದು ಕಿರುಚಿದೆ. ಹೊಡೆಯಲು ಕೈಯನ್ನೂ ಎತ್ತಿಬಿಟ್ಟಿದ್ದೆ.

ಬಾಗಿಲಲ್ಲಿ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ, ನಿಂತಿದ್ದರು. ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಇದ್ದರೂ ನಮ್ಮಿಬ್ಬರ ನಡುವೆ ಅಡುಗೆಯ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಅತ್ತೆಯೇ ಕಳಿಸಿದ್ದಾರೆ ಅಂದುಕೊಂಡೆ.

"ಕರ್ಕೊಂಡ್ ಹೋಗಕ್ಕೆ ಬಂದ್ರಾ ಅಕ್ಕ? ನಾನ್ ಬರಲ್ಲ."

ಅವರು ನೇರವಾಗಿ ಹೋಗಿ ತಂಗಿಯ ಪಕ್ಕ ಕೂತರು. "ಯಾಕವ್ವ ಬ್ಯಾಡ?"

ತಂಗಿ ಪೆನ್ನು ಹಿಡಿದು ಬರೆದಳು: 'ನನ್ನಿಂದ ಅಕ್ಕನ ಸಂಸಾರ ಹಾಳಾಗ್ತಿದೆ.'

"ಯಾರಂದೋರು? ಕೂಗಾಡೋರು ನಮ್ಮತ್ತೆ. ಮುದ್ದೆ ತೊಳ್ಸೋಳು ನಾನು, ಇವಳ ಮಕ್ಳಿಗೆ ಜಡೆ ಹಾಕಿ ಸ್ಕೂಲಿಗೆ ಕಳ್ಸೋಳು ನಾನು. ನಂಗೇ ಕಷ್ಟ ಆಗಿಲ್ಲ, ನಿಂಗ್ಯಾಕವ್ವ? ಏಳು, ಆಟೋ ಬಂತು."

ತಂಗಿ ಎದ್ದಳು.

ತುಮಕೂರಿನವರೆಗೂ ಅವಳು ಒಂದೊಂದು ಸಲ ಕೆಮ್ಮಿದಾಗಲೂ ಬೆನ್ನು ಸವರುತ್ತಿದ್ದೆ. ಆಸ್ಪತ್ರೆಯಲ್ಲಿ ನರ್ಸ್ ಹೊಸ ಪೈಪು ತೆಗೆದಾಗ ಓರಗಿತ್ತಿ ನನ್ನ ಬೆನ್ನು ತಳ್ಳಿದರು. "ಹೋಗಿ ಎರಡ್ ಇಡ್ಲಿ ತಿನ್ನು. ನಾನಿರ್ತೀನಿ."

ಕ್ಯಾಂಟೀನಿನಲ್ಲಿ ಗೋಡೆ ಕಡೆ ತಿರುಗಿ ಕೂತು ಅತ್ತುಬಿಟ್ಟೆ. ಆಮೇಲೆ ತಿಂದೆ, ಮತ್ತೆರಡು ಹಾಕಿಸಿಕೊಂಡೆ.

ಹೆಬ್ಬೂರಿನ ನೆಂಟರ ಮನೆಗೆ ಹೋಗುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ ಓರಗಿತ್ತಿ ಬಂದಿದ್ದರಂತೆ. ಅಂದಿನಿಂದ ಪ್ರತಿ ಗುರುವಾರ ಅವರು ಗುಬ್ಬಿಗೆ ಬರುತ್ತಿದ್ದರು, ನಾನು ಕುಣಿಗಲ್ಲಿಗೆ ಹೋಗಿ ಮಕ್ಕಳ ಜೊತೆ ಮಲಗಿ ಬರುತ್ತಿದ್ದೆ. ವಿಷಯ ಗೊತ್ತಾಗಿ ಅತ್ತೆ ತಿಂಗಳುಗಟ್ಟಲೆ ನಮ್ಮಿಬ್ಬರ ಹತ್ತಿರವೂ ಮಾತು ಬಿಟ್ಟರು.

ತಂಗಿ ಈಗ ಬಾಯಲ್ಲೇ ಮೆತ್ತಗಿನ ಅನ್ನ ತಿನ್ನುತ್ತಾಳೆ. ಮಾತು ಇನ್ನೂ ತೊದಲು. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರಬೇಕು. ಮೂವರೂ ಹೋಗುತ್ತೇವೆ.